ಎಡಬದಿಯ ಸೀಸ

ಕಾರು ಮುಂಬಯಿಯಿಂದ ಲಾರಿಯ ಮೇಲೆ ಬಂತು. ಮೇಲೆ ಟಾರ್ಪಾಲು ಹೊದಿಸಿ ನಾಲ್ಕು ಚಕ್ರಗಳಿಗೂ ಹಗ್ಗ ಬಿಗಿದಿದ್ದರು. ತೆಕ್ಕಟ್ಟೆಯಲ್ಲಿ ಹೆದ್ದಾರಿಯಿಂದ ನನ್ನ ಗ್ಯಾರೇಜಿಗೆ ಇಳಿಯುವ ದಾರಿ ಅಷ್ಟು ಅಗಲವಿಲ್ಲ, ಲಾರಿ ಒಳಗೆ ಬರಲಿಲ್ಲ. ರಸ್ತೆಯ ಬದಿಯಲ್ಲೇ ಹಲಗೆ ಇಟ್ಟು ಇಳಿಸಿ, ಆರು ಜನ ಸೇರಿ ದೂಡಿಕೊಂಡು ಬಂದೆವು. ನಾನು ಎಡಬದಿಯ ಹಿಂದಿನ ಮಡ್‌ಗಾರ್ಡಿಗೆ ಕೈ ಕೊಟ್ಟಿದ್ದೆ. ಬಣ್ಣದ ಅಡಿಯಲ್ಲಿ ಏನೋ ಉಬ್ಬುತಗ್ಗು ಅಂಗೈಗೆ ಸಿಕ್ಕಿತು. ಟಿಂಕರ್ ಕೆಲಸದವನಿಗೆ ಕಣ್ಣಿಗಿಂತ ಮೊದಲು ಅಂಗೈ ಹೇಳುತ್ತದೆ. ಯಾರೋ ಹಿಂದೆ ಕೆಟ್ಟದಾಗಿ ಡೆಂಟಿಂಗ್ ಮಾಡಿದ್ದಾರೆ ಎಂದುಕೊಂಡೆ, ಅಷ್ಟೇ.

ಯುದ್ಧಕ್ಕೂ ಮುಂಚಿನ ಇಂಗ್ಲೆಂಡಿನ ಕಾರು ಅದು. ಆರು ಸಿಲಿಂಡರಿನ ಎಂಜಿನ್, ಮಲಗಿದ ಎಮ್ಮೆಯಷ್ಟು ಉದ್ದದ ಬಾನೆಟ್, ಹಿಂದೆ ಸೋಫಾದಂಥ ಸೀಟು. ಅದರ ಯಜಮಾನರು ಹಾಲಾಡಿಯ ಮನೆತನದವರು. ಮುಂಬಯಿಯಲ್ಲಿ ಬಹಳ ವರ್ಷ ಹೋಟೆಲು ನಡೆಸಿ, ಈಗ ಕುಂದಾಪುರದಲ್ಲೂ ಒಂದು ದೊಡ್ಡ ಹೋಟೆಲು ಕಟ್ಟಿದ್ದರು. ಕಾರನ್ನು ಅವರು ಮುಂಬಯಿಯ ಒಂದು ಹಳೆಯ ಗಿರಣಿ ಮಾಲೀಕರ ಮನೆಯವರಿಂದ ಕೊಂಡಿದ್ದರು.

"ಇದ್ ನನ್ನಜ್ಜ ಬಿಟ್ಟ ಕಾರ್ ಮರಾಯ್ರೆ" ಎಂದರು, ಬಾನೆಟ್ಟಿನ ಮೇಲೆ ಕೈಯಾಡಿಸುತ್ತ. "ಆ ಸೇಟ್‌ನ ಮನೇಲಿ ಡ್ರೈವರ್ ಆಗಿದ್ದಿದ್ರ್. ಮುಂದಿನ ಜನವರಿ ಕೊನೀಗೆ ಉಡುಪಿಲಿ ಹಳೇ ಕಾರ್‌ಗಳ ಮೆರವಣಿಗೆ ಇತ್ತ್. ಅದ್ಕೆ ತಯಾರ್ ಆಯ್ಕ್. ಹೊಸ್ತರ ಹಂಗೆ ಕಾಣ್ಕ್."

ಅಜ್ಜನ ಬಗ್ಗೆ ಅದಕ್ಕಿಂತ ಹೆಚ್ಚು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಅದು ಅಕ್ಟೋಬರ್ ತಿಂಗಳು. ಮೂರೂವರೆ ತಿಂಗಳು ಸಾಕು ಅನ್ನಿಸಿತ್ತು.

ಮೊದಲ ಹದಿನೈದು ದಿನ ಬಿಚ್ಚುವುದರಲ್ಲೇ ಹೋಯಿತು. ಪ್ರತಿಯೊಂದು ಭಾಗವನ್ನು ತೆಗೆಯುವ ಮೊದಲು ಒಂದು ಫೋಟೋ, ತೆಗೆದ ಮೇಲೆ ಒಂದು ಫೋಟೋ. ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗಳಿಗೆ ಹಾಕಿ, ಎಲ್ಲಿಯದು ಎಂದು ಚೀಟಿ ಅಂಟಿಸಿದೆ. ಇಂಥ ಕಾರಿನ ಬೋಲ್ಟು ಕಳೆದರೆ ಅಂಗಡಿಯಲ್ಲಿ ಸಿಗುವುದಿಲ್ಲ, ಲೇತಿನಲ್ಲಿ ಮಾಡಿಸಬೇಕು. ಎಂಜಿನ್ ಕಚ್ಚಿಕೊಂಡಿತ್ತು. ಪ್ಲಗ್ ಬಿಚ್ಚಿ, ಆ ತೂತುಗಳಿಂದ ಡೀಸೆಲ್ ಮತ್ತು ಆಯಿಲ್ ಬೆರೆಸಿ ತುಂಬಿ ಬಿಟ್ಟೆ. ಪ್ರತಿದಿನ ಬೆಳಿಗ್ಗೆ ಚಹಾ ಕುಡಿದು ಬಂದು, ಮುಂದಿನ ಹ್ಯಾಂಡಲ್ ಹಿಡಿದು ಒಮ್ಮೆ ಬಲ ಹಾಕಿ ನೋಡುವುದು ರೂಢಿಯಾಯಿತು. ಹನ್ನೊಂದನೆಯ ದಿನ ಅದು ಹೆಬ್ಬೆರಳಿನಷ್ಟು ತಿರುಗಿತು. ಆ ದಿನ ನನಗೂ ನನ್ನ ಗ್ಯಾರೇಜಿನ ವೆಲ್ಡಿಂಗ್ ಕೆಲಸದವನಿಗೂ ಹಬ್ಬ.

ತೊಂದರೆ ಮರದ್ದು. ಆ ಕಾಲದ ಕಾರುಗಳ ಒಳಗೆ ಕಬ್ಬಿಣದ ತಗಡಿಗೆ ಆಧಾರವಾಗಿ ಮರದ ಚೌಕಟ್ಟು ಇರುತ್ತದೆ. ನಮ್ಮ ಕಾರಿನ ಚೌಕಟ್ಟು ಕೆಳಗಿನಿಂದ ಕುಂಬಾಗಿ ಬೆರಳಿಟ್ಟರೆ ಪುಡಿಯಾಗುತ್ತಿತ್ತು. ಹಿಂಬದಿಯ ಕಮಾನಿನಂಥ ತುಂಡುಗಳನ್ನು ಸಾಗುವಾನಿಯಲ್ಲಿ ಮಾಡಿಸಿದೆ. ಹಬೆಯಲ್ಲಿಟ್ಟು ಬಗ್ಗಿಸಲು ಹೋದಾಗ ಮೊದಲನೆಯದು ಸೀಳಿತು. ಎರಡನೆಯದು ಸೀಳಿತು. ಮೂರನೆಯದು ನಿಂತಿತು ಎಂದು ನೆಮ್ಮದಿಪಟ್ಟರೆ, ಮರುದಿನ ಬೆಳಿಗ್ಗೆ ಅದೂ ಬಿರುಕು ಬಿಟ್ಟಿತ್ತು.

ಆಗ ಗಂಗೊಳ್ಳಿಯಲ್ಲಿ ದೋಣಿ ಕಟ್ಟುವ ಆಚಾರಿಯೊಬ್ಬರನ್ನು ಕರೆಸಿದೆ. ಅರವತ್ತು ದಾಟಿದವರು. ಮೀನುಗಾರಿಕೆ ಸುರುವಾಗಿ ದೋಣಿಗಳೆಲ್ಲ ಕಡಲಿಗೆ ಇಳಿದಿದ್ದರಿಂದ ಅವರಿಗೆ ಸ್ವಲ್ಪ ಬಿಡುವಿತ್ತು. ಬಂದವರು ಕಾರಿನ ಸುತ್ತ ಎರಡು ಸಲ ತಿರುಗಿ, ಬಗ್ಗಿ, ಅಡಿಯಿಂದ ನೋಡಿದರು.

"ಹ್ವಾಯ್, ಇದೆಂತ ಕಾರಾ? ಮಗುಚಿ ಹಾಕ್ರೆ ದೋಣಿಯೇ" ಎಂದರು.

ಸೀಳಿದ ಸಾಗುವಾನಿ ತುಂಡುಗಳನ್ನು ತೋರಿಸಿದೆ. ಅವರು ಅದನ್ನು ಕೈಯಲ್ಲಿ ತಿರುಗಿಸಿ ಬದಿಗಿಟ್ಟರು.

"ಮರಾನ್ ಬಗ್ಸೂಕೆ ಹೋಪ್ದೆಂತಕ್ಕೆ? ಬಗ್ಗಿ ಬೆಳ್ದದ್ದನ್ನೇ ಹುಡ್ಕುವ. ದೋಣಿ ಒಳ್ಗಿನ ಪಕ್ಕೆ ಹಾಕೂದ್ ಹಂಗೇ ಅಲ್ದಾ."

ಸಿದ್ದಾಪುರದ ಕಡೆಯ ಒಂದು ಮರದ ಮಿಲ್ಲಿಗೆ ಇಬ್ಬರೂ ಹೋದೆವು. ಒಳ್ಳೆಯ ನೇರ ದಿಮ್ಮಿಗಳನ್ನು ಅವರು ಕಣ್ಣೆತ್ತಿ ನೋಡಲಿಲ್ಲ. ಮೂಲೆಯಲ್ಲಿ ಸೌದೆಗೆಂದು ಒಟ್ಟಿದ್ದ ಹೆಬ್ಬಲಸಿನ ಕೊಂಬೆಗಳ ರಾಶಿ ಹತ್ತಿ, ರಟ್ಟಿನಲ್ಲಿ ಕತ್ತರಿಸಿ ತಂದಿದ್ದ ನಮ್ಮ ಮಾದರಿಯನ್ನು ಒಂದೊಂದಕ್ಕೂ ಹಿಡಿದು ನೋಡುತ್ತ ಮಧ್ಯಾಹ್ನದವರೆಗೆ ಕೂತರು. ಕೊನೆಗೆ ಒಂಬತ್ತು ಕೊಂಬೆಗಳು ಸಿಕ್ಕವು. ಮರದ ನಾರು ಕಮಾನಿನ ಜೊತೆಗೇ ತಿರುಗಿದ್ದರಿಂದ ಅವು ಎಲ್ಲೂ ಸೀಳಲಿಲ್ಲ. ಡಿಸೆಂಬರಿನ ಹೊತ್ತಿಗೆ ಬಲಬದಿಯ ಚೌಕಟ್ಟು ಮುಗಿದು, ಮೇಲೆ ತಗಡು ಕೂರಿಸಿದಾಗ ಒಂದು ನೂಲಿನಷ್ಟೂ ಸಂದು ಇರಲಿಲ್ಲ. ಆಚಾರಿ ಕವಳ ಹಾಕಿಕೊಂಡು ತಮ್ಮ ಕೆಲಸವನ್ನು ತಾವೇ ದೂರದಿಂದ ನೋಡುತ್ತ ನಿಂತಿದ್ದರು. ನಾನು ಅವರನ್ನು ನೋಡುತ್ತ ನಿಂತಿದ್ದೆ.

ಎಡಬದಿಗೆ ಬಂದೆವು. ಎರಡು ಬಾಗಿಲುಗಳ ನಡುವಿನ ಮರದ ಕಂಬವನ್ನು ಹೊರಗೆಳೆದ ಆಚಾರಿ ಅದನ್ನು ಬಿಸಿಲಿಗೆ ಒಯ್ದು ನೋಡಿದರು.

"ಇದ್ ಬೆಂಕಿ ಕಂಡ ಮರ" ಎಂದರು.

ಒಳಮೈ ಹಳದಿಯಾಗಿ ಚೆನ್ನಾಗಿಯೇ ಇತ್ತು. ತಗಡಿಗೆ ತಾಗಿದ್ದ ಹೊರಮೈ ಮಾತ್ರ ಉದ್ದಕ್ಕೂ ಕರಿಯಾಗಿತ್ತು. ನಾನು ಮೊಬೈಲಿನ ದೀಪ ಹಿಡಿದು ಕಂಬ ಕೂತಿದ್ದ ಟೊಳ್ಳಿನೊಳಗೆ ಇಣುಕಿದೆ. ತಗಡಿನ ಒಳಮೈಯಲ್ಲಿ ಬೂದು ಬಣ್ಣದ ಸಣ್ಣ ಸಣ್ಣ ಮಣಿಗಳು ಅಂಟಿಕೊಂಡಿದ್ದವು. ಸಾಸಿವೆಯಷ್ಟು, ಕೆಲವು ಕಡಲೆಯಷ್ಟು. ಉಗುರಿನಿಂದ ಗೀರಿದರೆ ಹೊಳೆಯುತ್ತಿದ್ದವು. ಸೀಸ.

ಆ ಕಾಲದಲ್ಲಿ ಪುಟ್ಟಿ ಇರಲಿಲ್ಲ. ಎರಡು ತಗಡು ಸೇರುವ ಜಾಗವನ್ನು ಸೀಸ ಮತ್ತು ತವರ ಬೆರೆಸಿದ ಲೋಹದಿಂದ ತುಂಬಿ, ಅರದಿಂದ ಉಜ್ಜಿ ನಯ ಮಾಡುತ್ತಿದ್ದರು. ಇನ್ನೂರು ಡಿಗ್ರಿಯ ಆಸುಪಾಸಿನಲ್ಲಿ ಅದು ಬೆಣ್ಣೆಯ ಹಾಗಾಗುತ್ತದೆ, ಇನ್ನೂ ಕಾದರೆ ನೀರಾಗಿ ಇಳಿಯುತ್ತದೆ. ಬಲಬದಿಯಲ್ಲಿ ಆ ಸೀಸ ತುಂಬಿದವನ ಅರದ ಗೆರೆಗಳು ಕೂಡ ಹಾಗೇ ಇದ್ದವು. ಎಡಬದಿಯಲ್ಲಿ ಮುಂದಿನಿಂದ ಹಿಂದಿನವರೆಗೆ ಒಂದು ಬೆಸುಗೆಯೂ ಮೂಲದ್ದಾಗಿರಲಿಲ್ಲ. ಎಲ್ಲ ಕರಗಿ ಇಳಿದು, ಮೇಲಿಂದ ಯಾರೋ ಮತ್ತೆ ತುಂಬಿ ಬಣ್ಣ ಹೊಡೆದಿದ್ದರು. ಮೊದಲ ದಿನ ನನ್ನ ಅಂಗೈಗೆ ಸಿಕ್ಕಿದ್ದು ಅದು.

ಯಾರೋ ಗ್ಯಾಸ್ ಟಾರ್ಚ್ ಹಿಡಿದು ರಿಪೇರಿ ಮಾಡುವಾಗ ಹೀಗಾಗಿರಬಹುದೇ ಎಂದು ಯೋಚಿಸಿದೆ. ಟಾರ್ಚಿನ ಕಾವು ಒಂದು ಜಾಗಕ್ಕೆ ಮಾತ್ರ ಬೀಳುತ್ತದೆ. ಇಡೀ ಒಂದು ಬದಿ ಒಂದೇ ಸಮ ಕಾದಿತ್ತೆಂದರೆ, ಈ ಕಾರು ದೊಡ್ಡ ಬೆಂಕಿಯೊಂದಕ್ಕೆ ಎಡಮೈ ಕೊಟ್ಟು ನಿಂತಿತ್ತು.

ಯಜಮಾನರಿಗೆ ಫೋನ್ ಮಾಡಿದೆ. ಸಂಜೆಯೇ ಬಂದರು. ಕರಕಲಾದ ಕಂಬವನ್ನು ತಿರುಗಿಸಿ ನೋಡಿದರು. ಆಮೇಲೆ ತಾವು ಬಂದ ಕಾರಿನಿಂದ ಒಂದು ಕಾಗದ ತಂದು ಕೊಟ್ಟರು. ಕಾರು ಮಾರಿದ ಮನೆಯವರು ಅದರ ಇತಿಹಾಸವೆಂದು ಬರೆದುಕೊಟ್ಟದ್ದು.

ವಿಷಯ ಮುಂಬಯಿಯ ಬಂದರಿನ ಸ್ಫೋಟದ್ದು. ೧೯೪೪ರ ಏಪ್ರಿಲ್ ತಿಂಗಳಲ್ಲಿ, ಮದ್ದುಗುಂಡು ಮತ್ತು ಹತ್ತಿ ತುಂಬಿಕೊಂಡಿದ್ದ ಹಡಗೊಂದಕ್ಕೆ ಬೆಂಕಿ ಬಿದ್ದು, ಹಡಗೂ ಬಂದರೂ ಸುತ್ತಲಿನ ಗೋದಾಮುಗಳೂ ಸಿಡಿದುಹೋದವು. ನೂರಾರು ಜನ ಸತ್ತರು, ಬೆಂಕಿ ದಿನಗಟ್ಟಲೆ ಉರಿಯಿತು. ಮುಂಬಯಿಗೆ ಹೋದ ನಮ್ಮ ಕಡೆಯ ಹಿರಿಯರು ಇದನ್ನು ಹೇಳುತ್ತಿದ್ದರು, ಚಿಕ್ಕಂದಿನಲ್ಲಿ ನಾನೂ ಕೇಳಿದ್ದೆ. ಕಾಗದದಲ್ಲಿದ್ದದ್ದು ಇಷ್ಟು: ಆ ದಿನ ಗಿರಣಿ ಮಾಲೀಕರು ಕಾರಿನಲ್ಲಿ ಬಂದರಿನ ಹತ್ತಿರ ಕೆಲಸಕ್ಕೆ ಹೋಗಿದ್ದರು. ಸ್ಫೋಟವಾದಾಗ ಅವರು ಕಟ್ಟಡದ ಒಳಗಿದ್ದರು, ಹೇಗೋ ಬದುಕಿ ಬಂದರು. ಡ್ರೈವರನು ಕಾರನ್ನು ಬೆಂಕಿಯ ಬದಿಯಲ್ಲೇ ಬಿಟ್ಟು ಓಡಿಹೋದನು. ಬಂದರಿನ ಕೂಲಿಗಳು ದೂಡಿ ಕಾರನ್ನು ಉಳಿಸಿದರು.

"ಆ ಡ್ರೈವರೇ ನನ್ನಜ್ಜ" ಎಂದರು ಯಜಮಾನರು. "ಊರಿಗ್ ಬಂದ್ರ್. ಮತ್ತೆ ಅವ್ರಿಗ್ ಯಾರೂ ಕಾರ್ ಕೊಡ್ಲಿಲ್ಲ. ಕುಂದಾಪ್ರದ ಹೋಟ್ಲಲ್ಲಿ ಹಿಟ್ಟ್ ರುಬ್ಬಿ ಮಕ್ಳನ್ ಸಾಕ್ರ್. ನಂಗಿದ್ ಮೊದ್ಲೇ ಗೊತ್ತಿತ್ತ್. ಆದ್ರೂ ಕಾರ್ ಬಿಡ್ಲಿಲ್ಲ, ತಕಂಡೆ. ಒಂದ್ಸಲ ಚಂದ ಮಾಡಿ ನಮ್ಮನೆ ಮುಂದೆ ನಿಲ್ಸ್ಕ್ ಅಂದೇಳಿ. ಇನ್ನ್ ಇದನ್ನೆಲ್ಲ ಕೆದ್ಕೂದ್ ಬ್ಯಾಡ. ಮುಚ್ಚಿ ಬಣ್ಣ ಹೊಡ್ದ್ ಕೊಡಿ."

ಆಯ್ತು ಎಂದೆ. ಮರುದಿನ ಟಾರ್ಚ್ ಹಚ್ಚಿ, ಮುಖಕ್ಕೆ ಮಾಸ್ಕ್ ಕಟ್ಟಿ, ಎಡಬದಿಯ ಹಳೆಯ ಸೀಸವನ್ನೆಲ್ಲ ಕರಗಿಸಿ ತೆಗೆಯಲು ನಿಂತೆ. ಮೊದಲ ಬೆಸುಗೆಗೆ ಜ್ವಾಲೆ ಹಿಡಿದಾಗ ಸೀಸ ಮೆತ್ತಗಾಗಿ, ಮೇಣದಬತ್ತಿಯ ಮೇಣದ ಹಾಗೆ ನೇರ ಕೆಳಗೆ ಇಳಿದು, ಒಂದರ ಮೇಲೊಂದು ಬಿದ್ದು ಗಡ್ಡೆಯಾಯಿತು. ನಾನು ಅದನ್ನೇ ನೋಡುತ್ತ ನಿಂತೆ. ಇಷ್ಟು ವರ್ಷ ನೂರಾರು ಸಲ ನೋಡಿದ್ದು ಅದು. ಟಾರ್ಚ್ ಆರಿಸಿದೆ.

ನಿಂತ ಕಾರಿನಲ್ಲಿ ಸೀಸ ಹೀಗೇ ಇಳಿಯುತ್ತದೆ. ಕಂಬದ ಟೊಳ್ಳಿನಲ್ಲಿದ್ದದ್ದು ಗಡ್ಡೆಯಲ್ಲ, ಚೆಲ್ಲಿದ ಮಣಿಗಳು. ಅವು ಬೆಸುಗೆಯ ಕೆಳಗೂ ಇರಲಿಲ್ಲ. ಟೊಳ್ಳಿನ ಹಿಂಬದಿಯ ಗೋಡೆಗೆ, ಮೇಲಿಂದ ಕೆಳಗಿನವರೆಗೆ ಎರಚಿದ ಹಾಗೆ ಅಂಟಿದ್ದವು. ಸೀಸ ನೀರಾಗಿದ್ದಾಗ ಆ ಕಾರು ಚಲಿಸುತ್ತಿತ್ತು. ಹಾಗೆಂದು ನನಗೆ ಅನ್ನಿಸಿತು. ಅನ್ನಿಸುವುದು ಬೇರೆ, ಗೊತ್ತಾಗುವುದು ಬೇರೆ. ಆದರೆ ಈಗ ಟಾರ್ಚ್ ಹಿಡಿದು ಅದನ್ನೆಲ್ಲ ಕರಗಿಸಿಬಿಟ್ಟರೆ ಯಾವತ್ತಿಗೂ ಗೊತ್ತಾಗುವುದಿಲ್ಲ.

ಯಜಮಾನರಿಗೆ ಫೋನ್ ಮಾಡಿ, ಎಡಬದಿಯ ಕೆಲಸ ನಿಲ್ಲಿಸಿದ್ದೇನೆ, ಎಂಟು ದಿನ ಬೇಕು ಎಂದೆ.

"ಎಂಟ್ ದಿನ ಹೋದ್ರೆ ಉಡುಪಿ ತಪ್ತ್."

"ತಪ್ಪಬಹ್ದ್ ಶೆಟ್ರೆ."

"ನಿಮ್ಗೆ ಕಾರ್ ಸಮಾ ಮಾಡೂಕೆ ಕೊಟ್ಟದ್ದ್. ಪೋಸ್ಟ್‌ಮಾರ್ಟಂ ಮಾಡೂಕಲ್ಲ" ಎಂದರು. ಮಂಗಳೂರಿನಲ್ಲಿ ಒಬ್ಬರು ಕೇಳುತ್ತಿದ್ದಾರೆ, ಗಾಡಿ ಅಲ್ಲಿಗೆ ಕಳಿಸುತ್ತೇನೆ ಎಂದೂ ಹೇಳಿದರು. ಅಂಥ ಕಾರು ನನ್ನ ಕೈಗೆ ಹಿಂದೆ ಬಂದಿರಲಿಲ್ಲ, ಮುಂದೆ ಬರುವುದೂ ಅನುಮಾನ. ಅದನ್ನು ಅರ್ಧಕ್ಕೆ ಬಿಟ್ಟುಕೊಡುವ ಸಂಕಟ ಏನೆಂದು ಈ ಕೆಲಸ ಮಾಡುವವರಿಗೆ ಹೇಳಬೇಕಿಲ್ಲ. ಆದರೂ ಮುಚ್ಚಿ ಬಣ್ಣ ಹೊಡೆಯುತ್ತೇನೆ ಎಂದು ಬಾಯಿಗೆ ಬರಲಿಲ್ಲ. ಕೊನೆಗೆ ಅವರೇ "ಎಂಟೇ ದಿನ" ಎಂದು ಫೋನ್ ಇಟ್ಟರು.

ಹಿತ್ತಿಲಲ್ಲಿ ಬಿದ್ದಿದ್ದ ಹಳೆಯ ಜೀಪಿನ ಬಾಗಿಲುಗಳನ್ನು ಸಮನಾಗಿ ಕತ್ತರಿಸಿ, ಕಾರಿನ ಕಂಬದಷ್ಟೇ ಅಗಲದ ಮೂರು ಟೊಳ್ಳು ಪೆಟ್ಟಿಗೆಗಳನ್ನು ಮಾಡಿದೆ. ಮೂರರ ಮೇಲೂ ಒಂದೇ ತೂಕದ ಸೀಸ ತುಂಬಿದೆ. ಮೊದಲನೆಯದನ್ನು ನಿಲ್ಲಿಸಿ ಕಾಯಿಸಿದೆ. ಸೀಸ ಕೆಳಗಿಳಿದು ಗಡ್ಡೆ ಕಟ್ಟಿತು. ಎರಡನೆಯದನ್ನು ನನ್ನ ಪಿಕಪ್ಪಿನ ಹಿಂದೆ ಬೋಲ್ಟ್ ಹಾಕಿ ಕೂರಿಸಿ, ವೆಲ್ಡಿಂಗ್ ಕೆಲಸದವನು ಎರಡು ಟಾರ್ಚ್ ಹಿಡಿದ. ಸೀಸ ಇಳಿಯಲು ಸುರುವಾದಾಗ ನಾನೂ ಆಚಾರಿಯೂ ನಡಿಗೆಯ ವೇಗದಲ್ಲಿ ಪಿಕಪ್ಪನ್ನು ದೂಡಿದೆವು. ಗಡ್ಡೆ ಸ್ವಲ್ಪ ಓರೆಯಾಯಿತು, ಅಷ್ಟೇ. ಮೂರನೆಯದಕ್ಕೆ ಗದ್ದೆಯ ಬದಿಯ ಕಚ್ಚಾ ರಸ್ತೆ ಹಿಡಿದೆ. ಹಿಂದೆ ಟಾರ್ಚ್ ಉರಿಯುತ್ತಿತ್ತು, ಪಕ್ಕದಲ್ಲಿ ಆಚಾರಿ ನೀರಿನ ಕೊಡ ಹಿಡಿದು ಕೂತಿದ್ದರು. "ಈಗ" ಎಂದು ಹಿಂದಿನಿಂದ ಕೂಗು ಬಂದದ್ದೇ ಆಕ್ಸಿಲರೇಟರ್ ಒತ್ತಿದೆ. ಹೊಂಡದಿಂದ ಹೊಂಡಕ್ಕೆ ಹಾರಿಸಿಕೊಂಡು ರಸ್ತೆಯ ಕೊನೆಯವರೆಗೆ ಹೋದೆವು. ಗದ್ದೆಯಲ್ಲಿದ್ದ ಹೆಂಗಸರು ಕೆಲಸ ನಿಲ್ಲಿಸಿ ನೋಡುತ್ತಿದ್ದರು.

"ಇನ್ನ್ ಇವ್ರ್ ಗ್ಯಾರೇಜ್ ಮಾಡ್ದಂಗೇ" ಎಂದರು ಆಚಾರಿ, ಕೊಡದ ನೀರೆಲ್ಲ ಮೈಮೇಲೆ ಚೆಲ್ಲಿಕೊಂಡು.

ತಣಿದ ಮೇಲೆ ಮೂರನೆಯ ಪೆಟ್ಟಿಗೆಯನ್ನು ಕೊಯ್ದು ತೆರೆದೆ. ಹಿಂಬದಿಯ ಗೋಡೆಗೆ ಸಾಸಿವೆ ಎರಚಿದ ಹಾಗೆ ಮಣಿಗಳು. ಕಾರಿನ ಟೊಳ್ಳಿನಿಂದ ಒಂದು ಗೇಣಿನ ತುಂಡನ್ನು ಕೊಯ್ದು ಪಕ್ಕದಲ್ಲಿಟ್ಟಾಗ ಯಾವುದು ಹಳೆಯದು ಎಂದು ಬಣ್ಣದಿಂದ ಮಾತ್ರ ತಿಳಿಯುತ್ತಿತ್ತು.

ಯಜಮಾನರು ಬಂದು ಮೂರೂ ಪೆಟ್ಟಿಗೆಗಳನ್ನು ನೋಡಿದರು. ನಾನು ಹೇಳಿದ್ದಿಷ್ಟು: ಸೀಸ ಕರಗುವಷ್ಟು ಕಾದ ತಗಡಿಗೆ ಕೈ ಕೊಟ್ಟು ದೂಡಲು ಯಾರಿಂದಲೂ ಆಗುವುದಿಲ್ಲ. ದೂಡಿದ್ದರೂ ಹೀಗೆ ಚೆಲ್ಲುತ್ತಿರಲಿಲ್ಲ. ಬೆಂಕಿಯ ಬದಿಯಿಂದ ಆ ಕಾರನ್ನು ಯಾರೋ ಜೋರಾಗಿ ಓಡಿಸಿಕೊಂಡು ಹೊರಗೆ ತಂದಿದ್ದಾರೆ. ಯಾರು ಎಂದು ಸೀಸ ಹೇಳುವುದಿಲ್ಲ.

ಅವರು ಅಲ್ಲೇ ಟಯರಿನ ಮೇಲೆ ಕೂತರು. "ಅತ್ತೆಗೆ ತೋರ್ಸ್ಕ್" ಎಂದರು.

ಮರುದಿನ ಅವರ ತಲೆಯಲ್ಲಿ ಬೇರೆ ಯೋಚನೆ ಓಡುತ್ತಿತ್ತು. ಉಡುಪಿ ಬೇಡ, ಬಣ್ಣವೂ ಬೇಡ. ಎಡಬದಿಯನ್ನು ಸುಟ್ಟ ಹಾಗೇ ಬಿಟ್ಟು, ಹೋಟೆಲಿನ ಬಾಗಿಲಲ್ಲಿ ಗಾಜಿನ ಕೋಣೆ ಕಟ್ಟಿ ನಿಲ್ಲಿಸುವುದು. ಗಾಯಾಳುಗಳನ್ನು ಉಳಿಸಿದ ಡ್ರೈವರಿನ ಕಾರು ಎಂದು ಬೋರ್ಡು ಹಾಕುವುದು. ಹಿಂದಿನ ಸೀಟಿನ ಅಡಿಯ ಕಬ್ಬಿಣದ ಕೊಂಡಿಗಳನ್ನು ಯಾರೋ ಗರಗಸದಿಂದ ಕೊಯ್ದಿದ್ದನ್ನು ನಾನೇ ಅವರಿಗೆ ತೋರಿಸಿದ್ದೆ. ಸೀಟು ತೆಗೆದು ಜನರನ್ನು ಮಲಗಿಸಿ ಸಾಗಿಸಲು ಹಾಗೆ ಮಾಡಿರಬಹುದು. ಆದರೆ ಅದು ಆ ದಿನವೇ ಆದದ್ದೋ, ಆಮೇಲೆ ಯಾವಾಗಲೋ, ಆಗ ಸ್ಟಿಯರಿಂಗ್ ಹಿಡಿದವರು ಯಾರೋ ನನಗೆ ಗೊತ್ತಿಲ್ಲ.

"ಕಾರ್ ಹೇಳ್ದೇ ಇದ್ದದ್ದನ್ನ ಬೋರ್ಡ್ ಹೇಳೂದ್ ಬ್ಯಾಡ ಶೆಟ್ರೆ" ಎಂದೆ. ಅವರಿಗೆ ಅದು ಹಿಡಿಸಲಿಲ್ಲ.

ಅತ್ತೆ ಎಂದರೆ ಆ ಡ್ರೈವರಿನ ಮಗಳು. ಯಜಮಾನರ ತಂದೆಯ ತಂಗಿ. ಎಂಬತ್ತೈದರ ಹತ್ತಿರ ವಯಸ್ಸು, ಹಾಲಾಡಿಯಲ್ಲಿ ಮಗಳ ಮನೆಯಲ್ಲಿದ್ದರು. ಶಾಲೆಯ ಟೀಚರಾಗಿ ನಿವೃತ್ತರಾದವರು. ಗ್ಯಾರೇಜಿಗೆ ಬಂದವರು ಕುರ್ಚಿ ಕೊಟ್ಟರೂ ಕೂರಲಿಲ್ಲ. ಮೂರು ಪೆಟ್ಟಿಗೆಗಳನ್ನೂ ಕಾರಿನ ತುಂಡನ್ನೂ ನಾನು ವಿವರಿಸಿದೆ. ಪರೀಕ್ಷೆಯ ಉತ್ತರ ತಿದ್ದುವ ಹಾಗೆ ನಡುನಡುವೆ ಪ್ರಶ್ನೆ ಕೇಳಿದರು. ದೂಡಿದ ಪೆಟ್ಟಿಗೆ ಯಾವುದು, ಓಡಿಸಿದ್ದು ಯಾವುದು, ಎರಡಕ್ಕೂ ಒಂದೇ ಅಳತೆಯ ಸೀಸವೇ. ಆಮೇಲೆ ಬೆರಳಿನಿಂದ ಮಣಿಗಳನ್ನು ಮುಟ್ಟಿ ನೋಡಿದರು.

"ಅಪ್ಪಯ್ಯನ ಎಡಗಿವಿ ಸುಟ್ಟ್ ಮುರುಟಿ ಹೋಯಿತ್ತ್" ಎಂದರು. "ಎಡಗೈ ಮೊಣಗಂಟಿನ್ ತನಕ. ಹೋಟ್ಲಿನ್ ಒಲಿಲಿ ಸುಟ್ಟದ್ದ್ ಅಂದೇಳಿ ಊರಲ್ಲ್ ಹೇಳ್ತಿದ್ರ್. ಹೋಟ್ಲಿಗ್ ಸೇರೂಕ್ ಮೊದ್ಲೇ ಇದ್ದಿತ್ತ್ ಅದ್, ನಂಗೆ ನೆನಪಿತ್ತ್. ನಾನ್ ಹೇಳ್ರೆ ಯಾರ್ ಕೇಂತ್ರ್?"

ಬಲಬದಿಯ ಸ್ಟಿಯರಿಂಗಿನ ಕಾರು. ಬೆಂಕಿ ಎಡದಿಂದ. ಓಡಿಸುವವನ ಎಡಗಿವಿಯೂ ಎಡಗೈಯೂ ಬೆಂಕಿಯ ಕಡೆಗೇ ಇರುತ್ತವೆ. ಅವರಿಗೇ ಗೊತ್ತಾಗಿತ್ತು.

"ಶಾಲಿಗ್ ಹೋಪತಿಗೆ ಮಕ್ಳ್ ನನ್ನ ಕಾರ್ ಬಿಟ್ಟವ್ನ ಮಗಳ್ ಅಂದೇಳಿ ಕರೀತಿದ್ರ್. ಒಂದಿನ ಅಪ್ಪಯ್ಯನ ಹತ್ರ ಕೇಂಡೆ, ನೀವ್ ಓಡಿ ಬಂದದ್ ಹೌದಾ ಅಂದೇಳಿ. 'ಹೌದ್ ಮಗಾ, ಓಡಿ ಬಂದದ್ ಹೌದ್. ಸೇಟ್ರ್ ಒಳ್ಗಿದ್ರ್, ಕಾಯೂಕೆ ಆಯ್ಲಿಲ್ಲ' ಅಂದ್ರ್. ಅದಕ್ಕಿಂತ ಮತ್ತೆ ನಾ ಕೇಂಬ್ಲಿಲ್ಲ."

ಕಾರಿನ ಕಡೆ ತಿರುಗಿದರು. ಮುಖದಲ್ಲಿ ಸಣ್ಣದೊಂದು ನಗು ಬಂತು.

"ಕಾರ್ ಬಿಟ್ಟ್ ಬಂದ ಅಂದ್ರ್ ಊರೋರ್. ಸಮಾ ಹೇಳಿದ್ರ್. ನಮ್ಮಲ್ಲ್ ಕಾರ್ ಬಿಡೂದ್ ಅಂದ್ರೆ ಓಡ್ಸೂದೇ ಅಲ್ದಾ? ಬಿಟ್ಕಂಡೇ ಬಂದದ್ ಅಪ್ಪಯ್ಯ."

ಆಚಾರಿ ತಲೆ ಬಗ್ಗಿಸಿ ಉಳಿ ಮಸೆಯುವ ಕಲ್ಲನ್ನು ಒರೆಸುತ್ತಿದ್ದರು. ಯಜಮಾನರು ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದರು. ಆಮೇಲೆ ಗಾಜಿನ ಕೋಣೆಯ ವಿಷಯ ಅತ್ತೆಗೆ ಹೇಳಿದರು. ಸುಟ್ಟ ಬದಿ ಎಲ್ಲರಿಗೂ ಕಾಣುವ ಹಾಗೆ ಇಡುತ್ತೇನೆ ಎಂದರು.

"ಬ್ಯಾಡ" ಎಂದರು ಅವರು.

"ಅಲ್ಲ ಅತ್ತೆ, ಜನ ಕಾಣ್ಲಿ."

"ಅಪ್ಪಯ್ಯ ಸಾಯುವರೆಗೂ ಉದ್ದತೋಳಿನ ಅಂಗಿ ಹಾಕಂಡ್ರ್. ಸೆಖೆಗಾಲದಲ್ಲೂ ತೋಳ್ ಮೇಲ್ ಮಾಡ್ಲಿಲ್ಲ. ಅವ್ರ್ ತೋರ್ಸದ್ದನ್ನ ನೀ ಹೋಟ್ಲಲ್ಲ್ ತೋರ್ಸ್ತ್ಯಾ? ಕಾರ್ ಅಂದ್ರೆ ಓಡ್ಕ್ ಮಾಣಿ. ಪೂರ್ತಿ ಸಮಾ ಮಾಡ್ಸ್." ನನ್ನ ಕಡೆ ತಿರುಗಿ, "ನೀವ್ ಕಂಡದ್ದನ್ನ ಒಂದ್ ಕಾಗದಲ್ಲ್ ಬರ್ದ್ ಕೊಡಿ. ಗೊತ್ತಿಲ್ದಿದ್ದದ್ದ್ ಗೊತ್ತಿಲ್ಲ ಅಂದೇಳಿಯೇ ಬರೀಕ್. ಅಷ್ಟ್ ಸಾಕ್" ಎಂದರು.

ನಿಜ ಹೇಳಬೇಕೆಂದರೆ, ಸುಟ್ಟ ಬದಿಯನ್ನು ಹಾಗೇ ಬಿಡುವ ಆಸೆ ನನಗೂ ಒಳಗೊಳಗೇ ಇತ್ತು. ನಾನು ಕಂಡುಹಿಡಿದದ್ದು ಎಂಬ ಹೆಮ್ಮೆ ಅದರಲ್ಲಿ ಸೇರಿತ್ತು. ಅವರ ಮಾತು ಕೇಳಿದ ಮೇಲೆ ಅದು ಇಳಿದುಹೋಯಿತು. ತಗಡಿನ ಒಳಗೆ ತೇವ ಸೇರಿ ತುಕ್ಕು ತಿನ್ನುತ್ತಲೂ ಇತ್ತು. ಹಾಗೇ ಬಿಟ್ಟಿದ್ದರೆ ನಮ್ಮ ಕಡಲ ಗಾಳಿಗೆ ಕೆಲವೇ ಮಳೆಗಾಲ ತಾಳುತ್ತಿತ್ತು.

ಎಡಬದಿಯ ಕೆಲಸ ಮತ್ತೆ ಎರಡೂವರೆ ತಿಂಗಳು ಹಿಡಿಯಿತು. ಮಣಿಗಳಿದ್ದ ಆ ಗೇಣಿನ ತುಂಡನ್ನು ನನ್ನ ಕಾಗದದ ಜೊತೆ ಒಂದು ಮರದ ಪೆಟ್ಟಿಗೆಯಲ್ಲಿಟ್ಟು ಯಜಮಾನರ ಅತ್ತೆಗೆ ಕೊಟ್ಟೆ, ಅಷ್ಟರಲ್ಲಿ ನಾನು ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದೆ. ಉಳಿದದ್ದನ್ನು ಬಿಳಿ ತಗಡು ಕಾಣುವವರೆಗೆ ಉಜ್ಜಿದೆ. ಪುಟ್ಟಿ ಹಾಕಿದ್ದರೆ ನಾಲ್ಕು ದಿನದ ಕೆಲಸ. ನಾನು ಸೀಸವನ್ನೇ ಹಾಕಿದೆ. ಮೊದಲು ತಗಡಿಗೆ ತವರದ ಲೇಪ, ಅದರ ಮೇಲೆ ಸೀಸದ ಕಡ್ಡಿಯನ್ನು ಕಾಯಿಸಿ ಮೆತ್ತುವುದು, ಬೆಣ್ಣೆಯಂತಿರುವಾಗಲೇ ಮರದ ಸಟ್ಟುಗದಿಂದ ನೀವುವುದು. ಜ್ವಾಲೆ ಒಂದು ಕ್ಷಣ ಹೆಚ್ಚಾದರೆ ಎಲ್ಲ ಕಾಲ ಮೇಲೆ ಬೀಳುತ್ತದೆ, ಕಡಿಮೆಯಾದರೆ ಹಿಡಿಯುವುದಿಲ್ಲ. ಮೊದಲ ವಾರ ಅರ್ಧಕ್ಕರ್ಧ ಬಿದ್ದೇ ಹೋಯಿತು. ಸಟ್ಟುಗವನ್ನು ಆಚಾರಿ ಮೂರು ಸಲ ಬೇರೆ ಬೇರೆ ಆಕಾರದಲ್ಲಿ ಕೆತ್ತಿಕೊಟ್ಟರು. ಮೂರನೆಯದು ಕೈಗೆ ಕೂತಿತು. ಬಲಬದಿಯ ಆ ಹಳೆಯ ಕೆಲಸಗಾರನ ಅರದ ಗೆರೆಗಳನ್ನು ನೋಡಿ ನೋಡಿ ನಾನೂ ಅದೇ ದಿಕ್ಕಿಗೆ ಅರ ಹಾಕಿದೆ. ಕೊನೆಗೆ ಕಣ್ಣು ಮುಚ್ಚಿ ಎಡ ಬಲ ಎರಡರ ಮೇಲೂ ಅಂಗೈ ಎಳೆದಾಗ ವ್ಯತ್ಯಾಸ ತಿಳಿಯಲಿಲ್ಲ. ಬ್ರಹ್ಮಾವರದ ಬಣ್ಣದವರು ಬಂದು ಕಪ್ಪು ಬಣ್ಣ ಹೊಡೆದು, ವಾರಗಟ್ಟಲೆ ನೀರು ಹಚ್ಚಿದ ಉಜ್ಜುಕಾಗದದಲ್ಲಿ ಉಜ್ಜಿದರು. ಉಡುಪಿಯ ಮೆರವಣಿಗೆ ಮುಗಿದು ಎಷ್ಟೋ ದಿನಗಳಾಗಿದ್ದವು. ಯಜಮಾನರು ಅದರ ಸುದ್ದಿಯನ್ನೇ ಎತ್ತಲಿಲ್ಲ. ವಾರಕ್ಕೆರಡು ಸಲ ಬಂದು, ಅಂಗಿ ಕಳಚಿಟ್ಟು, ಬಣ್ಣದವರ ಜೊತೆ ತಾವೂ ಉಜ್ಜಲು ಕೂರುತ್ತಿದ್ದರು. ಅವರ ಕೈ ಅಷ್ಟು ನೆಟ್ಟಗಿರಲಿಲ್ಲ. ಅವರು ಹೋದ ಮೇಲೆ ಅಷ್ಟು ಭಾಗವನ್ನು ನಾವು ಮತ್ತೆ ಉಜ್ಜುತ್ತಿದ್ದೆವು.

ಏಪ್ರಿಲ್ ತಿಂಗಳಲ್ಲಿ ಕಾರು ರಸ್ತೆಗಿಳಿಯಿತು. ಮೊದಲು ಬೈಂದೂರಿನವರೆಗೆ ಎರಡು ಸಲ ಹೋಗಿ ಬಂದೆ. ಬ್ರೇಕು ಎಡಕ್ಕೆ ಎಳೆಯುತ್ತಿತ್ತು, ಸರಿ ಮಾಡಿದೆ. ಮೂರನೆಯ ದಿನ ಬೆಳಿಗ್ಗೆ ಅಮ್ಮ ಗ್ಯಾರೇಜಿಗೆ ಬಂದರು. ಇಲ್ಲಿಂದ ಹಾಲಾಡಿಯ ಮನೆಯವರೆಗೆ ಕಾರಿನಲ್ಲೇ ಹೋಗಬೇಕೆಂದು ಅವರ ಅಪೇಕ್ಷೆ. ಯಜಮಾನರು ಹಿಂದಿನ ಬಾಗಿಲು ತೆರೆದು ಹಿಡಿದರು. ಅವರು ಒಳಗೆ ಬಗ್ಗಿ ಸೀಟು ನೋಡಿ, "ನೀ ಅಲ್ಲ್ ಕೂಕೋ. ನಾ ಮುಂದ್ ಕೂಕಂತೆ" ಎಂದು ನನ್ನ ಪಕ್ಕ ಬಂದು ಕೂತರು. ಹಿಂದಿನ ಸೋಫಾದಲ್ಲಿ ಯಜಮಾನರೂ ಆಚಾರಿಯೂ ಕೂತರು. ಆಚಾರಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು.

ದಾರಿಯಲ್ಲಿ ಒಂದು ಏರಿನಲ್ಲಿ ಎಂಜಿನ್ ಕಾದು, ಪೆಟ್ರೋಲ್ ಪೈಪಿನಲ್ಲಿ ಆವಿ ಕಟ್ಟಿ ನಿಂತಿತು. ಒದ್ದೆ ಬಟ್ಟೆ ಸುತ್ತಿ ಕಾಯಬೇಕಾಯಿತು. ಯಜಮಾನರಿಗೆ ಕಸಿವಿಸಿ. ಅಮ್ಮನಿಗೆ ಏನೂ ಇಲ್ಲ. ಬಾಗಿಲು ತೆರೆದಿಟ್ಟು ಕೂತು, ಫ್ಲಾಸ್ಕಿನ ಚಹಾ ಎಲ್ಲರಿಗೂ ಹಂಚಿದರು. ಆ ಕಡೆ ಈ ಕಡೆ ಹೋಗುವ ಬೈಕಿನವರು ನಿಲ್ಲಿಸಿ ಫೋಟೋ ತೆಗೆದುಕೊಂಡರು. ಅರ್ಧ ಗಂಟೆಯಲ್ಲಿ ಎಂಜಿನ್ ತಣಿಯಿತು. ಮತ್ತೆ ಹೊರಟ ಮೇಲೆ ನೇರ ರಸ್ತೆ ಸಿಕ್ಕಿದ ಕಡೆ ಅವರು, "ಇನ್ನೊಂಚೂರ್ ಜೋರ್ ಹೋಪ್ಲಕ್ಕಾ?" ಎಂದು ಕೇಳಿದರು. ಹೋದೆ. ಗಾಳಿಗೆ ಸೆರಗು ಹಾರುತ್ತಿತ್ತು, ಹಿಡಿದುಕೊಳ್ಳಲಿಲ್ಲ.

ಹಾಲಾಡಿಯ ಪೇಟೆ ಬಂತು, ಅಮ್ಮ ಚಿಕ್ಕಂದಿನಲ್ಲಿ ಶಾಲೆಗೆ ಹೋಗುತ್ತಿದ್ದ ಊರು. ನಾಲ್ಕೂ ಕಡೆಯ ರಸ್ತೆಗಳು ಸೇರುವ ಜಾಗ. ಸಂತೆಯ ದಿನವಲ್ಲದಿದ್ದರೂ ಅಂಗಡಿಗಳ ಮುಂದೆ ಜನ ತುಂಬಿದ್ದರು, ರಿಕ್ಷಾಗಳು ಸಾಲಾಗಿ ನಿಂತಿದ್ದವು. ಒಬ್ಬೊಬ್ಬರಾಗಿ ಎದ್ದು ನಿಂತು ನೋಡತೊಡಗಿದರು. ಅಮ್ಮ ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿಕೊಂಡು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇಲ್ಲ್ ಮಾತ್ರ ನಿಧಾನ ಹೋಪ" ಎಂದರು.

ನಾನು ಎರಡನೇ ಗೇರಿಗೆ ಇಳಿಸಿದೆ. ಹಿಂದಿನಿಂದ ಸಿದ್ದಾಪುರದ ಬಸ್ಸು ಹಾರನ್ ಹಾಕತೊಡಗಿತು. ದಾರಿ ಬಿಡಬೇಕೇ ಎಂದು ಅವರ ಮುಖ ನೋಡಿದೆ. ಅವರು ಎದುರಿನ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ನಾನು ಮೊದಲನೇ ಗೇರಿಗೆ ಹಾಕಿದೆ.